ದೋಣಿಯೆಡೆಗೆ ಈಜಿ ಬರುವ ಹಾವು

ಕೆರೆಯಲ್ಲಿ ದೋಣಿ ಏರಿದವರೂ ಮಡುವಿನ ದಂಡೆಯಲ್ಲಿ ಗಾಳ ಹಾಕಿ ಕುಳಿತವರೂ ಒಂದಲ್ಲ ಒಂದು ದಿನ ಈ ನೋಟವನ್ನು ಕಂಡಿರಲೇಬೇಕು. ನಿಶ್ಚಲವಾದ ನೀರಿನ ಮೇಲೆ ಬಾಣದ ಮೊನೆಯಂತಹ ತೆರೆಯೊಂದು ಮೂಡುತ್ತದೆ. ಆ ಮೊನೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಒಂದು ತಲೆ. ಅದರ ಹಿಂದೆ ಕಂಡೂ ಕಾಣದಂತೆ ಬಳುಕುವ ಮೈ. ಅದು ಅತ್ತಿತ್ತ ಹೊರಳದೆ ನೇರವಾಗಿ ದೋಣಿಯ ಕಡೆಗೇ ಬರುತ್ತಿರುತ್ತದೆ. "ಹಾವು!" ಎಂದು ಒಬ್ಬನು ಕೂಗುತ್ತಾನೆ. ದೋಣಿಯಲ್ಲಿದ್ದವರೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತಾರೆ. ಹುಟ್ಟು ಹಿಡಿದವನು ಅದನ್ನು ದೊಣ್ಣೆಯಂತೆ ಮೇಲೆತ್ತುತ್ತಾನೆ. ನಿಜವಾದ ಅಪಾಯವು ಪ್ರಾರಂಭವಾಗುವುದು ಈ ಕ್ಷಣದಲ್ಲಿಯೇ. ಆದರೆ ಅದನ್ನು ತಂದವರು ದೋಣಿಯಲ್ಲಿದ್ದವರು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಪ್ರಾಣಿಶಾಸ್ತ್ರವೂ ಸ್ವಲ್ಪ ಭೌತಶಾಸ್ತ್ರವೂ ಬೇಕು. ಎರಡನೆಯದು ನಮ್ಮ ಕಸುಬು. ಮೊದಲನೆಯದನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡಿದ್ದೇವೆ.

ಇಂತಹ ಭೇಟಿಗಳಿಗೆ ದಕ್ಷಿಣ ಕನ್ನಡದಷ್ಟು ಅನುಕೂಲವಾದ ನಾಡು ವಿರಳ. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂಬ ಮಾತು ವಾಡಿಕೆಯಲ್ಲಿದೆ. ಅಲ್ಲಿಯ ಕಡಲಕೆರೆಯ ವಿಸ್ತಾರವನ್ನು ಅದರ ಹೆಸರೇ ಸಾರುತ್ತದೆ. ಬೆಳ್ತಂಗಡಿ ತಾಲ್ಲೂಕಿನಲ್ಲಿ ಘಟ್ಟವನ್ನಿಳಿದು ಬರುವ ನೇತ್ರಾವತಿಯೂ ವೇಣೂರಿನ ಬಳಿ ಹರಿಯುವ ಫಲ್ಗುಣಿಯೂ ಬೇಸಗೆಯಲ್ಲಿ ಸೊರಗಿ, ಬಂಡೆಗಳ ನಡುವೆ ಮಡುಗಳಾಗಿ ಉಳಿಯುತ್ತವೆ. ಬಂಟ್ವಾಳದಿಂದ ಕೆಳಗೆ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ ಕಿಂಡಿ ಅಣೆಕಟ್ಟಿದೆ. ಅದರ ಕಿಂಡಿಗಳನ್ನು ಮುಚ್ಚಿದ ತಿಂಗಳುಗಳಲ್ಲಿ ನೇತ್ರಾವತಿಯು ನದಿಯ ಸ್ವಭಾವವನ್ನು ಬಿಟ್ಟು ಉದ್ದನೆಯ ಕೆರೆಯೇ ಆಗಿಬಿಡುತ್ತದೆ. ಮೀನು, ಕಪ್ಪೆ, ತಂಗಿದ ನೀರು, ಪೊದೆ ಬೆಳೆದ ದಂಡೆ ಇವು ನಾಲ್ಕೂ ಕೂಡಿದಲ್ಲಿ ಹಾವು ಇಲ್ಲದಿದ್ದರೆ ಆಶ್ಚರ್ಯಪಡಬೇಕು. ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳು ದೇವರ ಮೀನುಗಳೆನಿಸಿ ಮನುಷ್ಯನ ಗಾಳದಿಂದ ಪಾರಾಗಿವೆ. ಹಾವು ಮಾತ್ರ ಅಂತಹ ಕಟ್ಟಳೆಗಳನ್ನು ಅರಿಯದು.

ದೋಣಿಯ ಕಡೆಗೆ ಬರುತ್ತಿದ್ದ ಆ ತಲೆ ಬಹುಮಟ್ಟಿಗೆ ಯಾರದೆಂದು ನೋಡೋಣ. ಕೆರೆ, ತೋಡು, ಗದ್ದೆಗಳ ನೀರಿನಲ್ಲಿ ನಮಗೆ ಅತಿ ಹೆಚ್ಚಾಗಿ ಕಾಣಸಿಗುವುದು ನೀರೊಳ್ಳೆ. ಜನರು ಒಳ್ಳೆಹಾವು, ನೀರುಹಾವು ಎಂದೂ ಕರೆಯುವರು. ಸಾಧಾರಣವಾಗಿ ಒಂದು ಮೀಟರಿನ ಆಸುಪಾಸು ಉದ್ದ. ಹಳದಿ ಅಥವಾ ಕಂದು ಮೈಮೇಲೆ ಚದುರಂಗದ ಮಣೆಯಂತೆ ಕಪ್ಪು ಚೌಕಗಳು. ಕಣ್ಣಿನ ಕೆಳಗೊಂದು, ಕಣ್ಣಿನ ಹಿಂದೊಂದು, ಓರೆಯಾಗಿ ಎಳೆದ ಕಾಡಿಗೆಯ ಗೆರೆ. ಈ ಎರಡು ಗೆರೆಗಳನ್ನು ಕಂಡರೆ ಗುರುತು ಹಿಡಿದಂತೆಯೇ. ಇದಕ್ಕೆ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಹಿಡಿಯಹೋದರೆ ಕಚ್ಚುವುದು ಮಾತ್ರ ಖಂಡಿತ. ಅದರ ಸಿಡುಕು ಸ್ವಭಾವವೂ ಕಚ್ಚಿದಲ್ಲಿ ಧಾರಾಳವಾಗಿ ಒಸರುವ ರಕ್ತವೂ ಸೇರಿ, ಇಲ್ಲದ ವಿಷದ ಕೀರ್ತಿಯನ್ನು ಅದಕ್ಕೆ ತಂದುಕೊಟ್ಟಿವೆ.

ಇದರ ವೈಜ್ಞಾನಿಕ ನಾಮದಲ್ಲಿ ಒಂದು ಸ್ವಾರಸ್ಯವಿದೆ. ವಿಶಾಖಪಟ್ಟಣದಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಪ್ರಕೃತಿಶಾಸ್ತ್ರಜ್ಞ ಪ್ಯಾಟ್ರಿಕ್ ರಸ್ಸೆಲನು ಕೋರಮಂಡಲ ತೀರದ ಹಾವುಗಳ ಚಿತ್ರಗಳನ್ನೂ ವರ್ಣನೆಯನ್ನೂ 1796ರಲ್ಲಿ ಪ್ರಕಟಿಸಿದನು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇವನ ಹೆಸರೇ ಅಂಟಿಕೊಂಡಿದೆ. ಆ ಗ್ರಂಥದ ಆಧಾರದಿಂದ ಜರ್ಮನಿಯ ಷ್ನೈಡರನು 1799ರಲ್ಲಿ ನಮ್ಮ ನೀರೊಳ್ಳೆಗೆ 'ಪಿಸ್ಕೇಟರ್' ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಬೆಸ್ತ. ಆಮೇಲೆ ವಿಜ್ಞಾನಿಗಳು ಅದರ ಕುಲನಾಮವನ್ನು ಹಲವು ಬಾರಿ ಬದಲಿಸಿದರು. ಈಗ ಅದು 'ಫೌಲಿಯ ಪಿಸ್ಕೇಟರ್'. ಬೆಸ್ತನೆಂಬ ಬಿರುದು ಮಾತ್ರ ಅಳಿಯಲಿಲ್ಲ. ಆದುದರಿಂದ ಗಾಳ ಹಾಕಿ ಕುಳಿತವನೂ ನೀರಿನಲ್ಲಿ ತಲೆಯೆತ್ತಿದವನೂ ಒಂದೇ ಕಸುಬಿನವರು.

ಹೆದರಿದಾಗ ಈ ಹಾವು ತಲೆಯನ್ನೆತ್ತಿ ಕತ್ತನ್ನು ಚಪ್ಪಟೆ ಮಾಡುತ್ತದೆ. ದೂರದಿಂದ ನೋಡಿದವನಿಗೆ ಅದು ಹೆಡೆಯೇ. ನಾಗಬನಗಳ ನಾಡಾದ ತುಳುನಾಡಿನಲ್ಲಿ ಇದರಿಂದ ವಿಚಿತ್ರವಾದ ಪರಿಣಾಮವಾಗುತ್ತದೆ. ನಾಗರಹಾವೆಂದು ಭ್ರಮಿಸಿದವನು ಕೈಮುಗಿದು ಹಿಂದೆ ಸರಿಯುತ್ತಾನೆ. ಹತ್ತಿರ ಬಂದು, ಇದು ಬರೇ ಒಳ್ಳೆಯೆಂದು ತಿಳಿದವನು ಕಲ್ಲು ಎತ್ತಿಕೊಳ್ಳುತ್ತಾನೆ. ವಿಷವುಳ್ಳದ್ದಕ್ಕೆ ಪೂಜೆ, ವಿಷವಿಲ್ಲದ್ದಕ್ಕೆ ಪೆಟ್ಟು! ಈ ನ್ಯಾಯವು ನಮಗೆ ಅರ್ಥವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಂತೂ ನೀರೊಳ್ಳೆಯನ್ನು ಕೊಲ್ಲುವುದೂ ಅಪರಾಧವೇ.

ನೀರಿನಲ್ಲಿ ಕಂಡುದೆಲ್ಲ ನೀರೊಳ್ಳೆಯೆಂದು ನಂಬುವುದೂ ಸರಿಯಲ್ಲ. ಕಾಲಿಲ್ಲದಿದ್ದರೂ ಹಾವುಗಳೆಲ್ಲ ಈಜಬಲ್ಲವು. ಕೇರೆಯು ತೋಡನ್ನು ಸಲೀಸಾಗಿ ದಾಟುತ್ತದೆ. ಹೆಬ್ಬಾವಿಗೆ ನೀರೆಂದರೆ ಪ್ರೀತಿ. ನಾಗರಹಾವು ತಲೆಯೆತ್ತಿಕೊಂಡು ಈಜುತ್ತದೆ. ಅಗತ್ಯ ಬಿದ್ದರೆ ಕೊಳಕುಮಂಡಲವೂ ಕೆರೆಗಿಳಿಯುತ್ತದೆ. ಮೈಯೆಲ್ಲ ಮೇಲೆ ತೇಲಿದರೆ ವಿಷದ ಹಾವು, ತಲೆ ಮಾತ್ರ ಕಂಡರೆ ಸಾಧು ಹಾವು ಎಂಬ ಸೂತ್ರವೊಂದನ್ನು ಕೆಲವರು ಹೇಳುವುದುಂಟು. ಇದು ಅಮೆರಿಕದ ಜೌಗು ಪ್ರದೇಶಗಳ ಒಂದು ಮಂಡಲದ ಹಾವಿನಿಂದ ಹುಟ್ಟಿದ ಸೂತ್ರ. ನಮ್ಮ ಕೆರೆಗಳಲ್ಲಿ ಇದನ್ನು ನಂಬಿ ಕೈಯಿಡಬಾರದು. ನೀರಿನಲ್ಲಿ ಬಾಯಿ ತೆರೆದರೆ ಹಾವು ಮುಳುಗಿ ಸಾಯುವುದು, ಆದುದರಿಂದ ಅದು ನೀರಿನಲ್ಲಿ ಕಚ್ಚದು ಎಂಬ ಮಾತು ಇನ್ನೂ ಕೆಟ್ಟದ್ದು. ನೀರಿನೊಳಗೆ ಬಾಯಿ ತೆರೆಯಲಾರದ ಪ್ರಾಣಿ ಮೀನು ಹಿಡಿಯುವುದು ಹೇಗೆ? ಅದರ ಶ್ವಾಸನಾಳದ ಬಾಯಿ ಬೇಕೆಂದಾಗ ಮುಚ್ಚಿಕೊಳ್ಳುತ್ತದೆ.

ಇನ್ನು ಭೌತಶಾಸ್ತ್ರಕ್ಕೆ ಬರೋಣ. ಅರ್ಧ ಕಿಲೋಗ್ರಾಂ ತೂಕದ ಒಂದು ಹಾವು ತೇಲಬೇಕಾದರೆ, ಆರ್ಕಿಮಿಡೀಸನ ನಿಯಮದಂತೆ ಅದು ಅಷ್ಟೇ ತೂಕದ ನೀರನ್ನು, ಎಂದರೆ 500 ಘನ ಸೆಂಟಿಮೀಟರು ನೀರನ್ನು ಪಕ್ಕಕ್ಕೆ ಸರಿಸಬೇಕು. ಮಾಂಸ, ಮೂಳೆಗಳು ಸೇರಿ ನೀರಿಗಿಂತ ತುಸು ಭಾರ. ಲೆಕ್ಕದ ಸೌಕರ್ಯಕ್ಕಾಗಿ ಅವುಗಳ ಸಾಂದ್ರತೆ ನೀರಿನದಕ್ಕಿಂತ 1.06 ಪಟ್ಟು ಎಂದಿಟ್ಟುಕೊಂಡರೆ, ಹಾವಿನ ಗಾತ್ರ ಸುಮಾರು 472 ಘನ ಸೆಂಟಿಮೀಟರು ಮಾತ್ರ. ಕಡಮೆಬಿದ್ದ 28 ಘನ ಸೆಂಟಿಮೀಟರನ್ನು ಗಾಳಿ ತುಂಬಿಕೊಡಬೇಕು. ಎರಡು ಚಮಚದಷ್ಟು ಗಾಳಿ! ಹಾವಿಗೆ ಇದು ಕಷ್ಟವಲ್ಲ. ಹೆಚ್ಚಿನ ಹಾವುಗಳಲ್ಲಿ ಎಡ ಶ್ವಾಸಕೋಶವು ಕುಗ್ಗಿಹೋಗಿದೆ. ಬಲದ್ದು ಮೈಯುದ್ದಕ್ಕೂ ಚೀಲದಂತೆ ಚಾಚಿಕೊಂಡಿದೆ. ಆ ಚೀಲದ ಹಿಂಭಾಗದಲ್ಲಿ ರಕ್ತನಾಳಗಳು ಅತಿ ಕಡಮೆ. ಉಸಿರಾಟಕ್ಕಿಂತ ಗಾಳಿಯ ಉಗ್ರಾಣವಾಗಿಯೇ ಅದರ ಉಪಯೋಗ ಹೆಚ್ಚು. ಉಸಿರು ಬಿಟ್ಟರೆ ಮುಳುಗು, ಎಳೆದುಕೊಂಡರೆ ತೇಲು. ಜಲಾಂತರ್ಗಾಮಿ ಹಡಗು ಮಾಡುವುದೂ ಇದನ್ನೇ, ಬಹಳ ಖರ್ಚಿನಲ್ಲಿ.

ಮುಂದೆ ಚಲಿಸುವ ಉಪಾಯವೂ ಸರಳವಾದುದು. ತಲೆಯ ಬಳಿಯಿಂದ ಬಾಲದವರೆಗೆ ಮೈಯಲ್ಲಿ ಅಲೆಯೊಂದು ಸಾಗುತ್ತದೆ. ಪ್ರತಿಯೊಂದು ಬಳುಕೂ ನೀರನ್ನು ಹಿಂದಕ್ಕೂ ಪಕ್ಕಕ್ಕೂ ನೂಕುತ್ತದೆ. ಎಡಕ್ಕೆ ನೂಕಿದುದೂ ಬಲಕ್ಕೆ ನೂಕಿದುದೂ ಒಂದನ್ನೊಂದು ಕಳೆಯುತ್ತವೆ. ಹಿಂದಕ್ಕೆ ನೂಕಿದುದಷ್ಟೆ ಉಳಿದು, ನ್ಯೂಟನ್ನನ ಮೂರನೆಯ ನಿಯಮದಂತೆ ಹಾವು ಮುಂದಕ್ಕೆ ಹೋಗುತ್ತದೆ. ಇದೇ ನಿಯಮವು ದೋಣಿಯಲ್ಲಿರುವವರಿಗೆ ಅಭಯವನ್ನೂ ನೀಡುತ್ತದೆ. ನೆಲದ ಮೇಲೆ ಹಾವು ಎರಗುವಾಗ ಮೈಯ ಹಿಂಭಾಗವನ್ನು ನೆಲಕ್ಕೆ ಒತ್ತಿಕೊಂಡು, ಆ ಘರ್ಷಣೆಯ ಆಸರೆಯಿಂದ ಮುಂಭಾಗವನ್ನು ಚಿಮ್ಮಿಸುತ್ತದೆ. ನೀರಿನಲ್ಲಿ ಆ ಗಟ್ಟಿ ಆಸರೆಯಿಲ್ಲ. ಮೈಯನ್ನು ಮೇಲಕ್ಕೆ ಚಿಮ್ಮಿಸಲು ಹೋದರೆ ಉಳಿದ ಮೈ ಕೆಳಕ್ಕೆ ಮುಳುಗುತ್ತದೆ. ಬಾವಿಯ ಹಗ್ಗ ಹಿಡಿದು ಜಿಗಿಯುವುದಕ್ಕೂ ಗಟ್ಟಿ ನೆಲದಿಂದ ಜಿಗಿಯುವುದಕ್ಕೂ ಇರುವ ವ್ಯತ್ಯಾಸದಂತೆ ಇದು. ಹೀಗಾಗಿ ನೀರಿನಿಂದ ಹಾರಿ ದೋಣಿಯೊಳಕ್ಕೆ ಬೀಳುವ ಹಾವು ಕಥೆಗಳಲ್ಲಿ ಮಾತ್ರ ಇದೆ. ಅಂಚು ತಗ್ಗಾಗಿದ್ದರೆ, ಅಥವಾ ಹುಟ್ಟನ್ನೋ ಕೊಂಬೆಯನ್ನೋ ಆಸರೆಯಾಗಿ ಕೊಟ್ಟರೆ, ಹತ್ತಿ ಬರಬಲ್ಲುದು. ಅದು ಬೇರೆ ಮಾತು.

ಹತ್ತಲು ಅದಕ್ಕೇಕೆ ಮನಸ್ಸು? ದೋಣಿಯ ಕಡೆಗೇ ಅದು ಬರುವುದೇಕೆ? ನಮ್ಮ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯಿದು. ಉತ್ತರಕ್ಕಾಗಿ ಹಾವಿನ ಕಣ್ಣಿನ ಎತ್ತರಕ್ಕೆ ನಾವು ಇಳಿಯಬೇಕು. ಈಜುವ ಹಾವಿನ ಕಣ್ಣು ನೀರಿನಿಂದ ಮೂರು ಸೆಂಟಿಮೀಟರು ಮೇಲಿದೆಯೆಂದು ಭಾವಿಸೋಣ. ಗಾಳಿಗೆ ಐದು ಸೆಂಟಿಮೀಟರಿನ ಕಿರುತೆರೆಗಳು ಎದ್ದರೆ, ಪ್ರತಿಯೊಂದು ತೆರೆಯೂ ಅದಕ್ಕೆ ಕಣ್ಣು ಮರೆಮಾಡುವ ಗೋಡೆ. ದೂರದ ತಗ್ಗು ದಂಡೆ ಕಾಣದು. ತೆರೆಗಳ ಮೇಲೆ ಕಪ್ಪಾಗಿ ಎದ್ದು ಕಾಣುವ ವಸ್ತುವೊಂದೇ: ದೋಣಿ. ದಣಿದ ಹಾವಿಗೆ ಅದೊಂದು ದಿಬ್ಬ, ತೇಲುವ ಮರದ ತುಂಡು, ಅಥವಾ ನೆರಳಿರುವ ದಂಡೆ. ಅದರಲ್ಲಿ ಮನುಷ್ಯರಿದ್ದಾರೆಂಬುದು ತಿಳಿದರೆ ಅದು ಅತ್ತ ಸುಳಿಯುತ್ತಲೇ ಇರಲಿಲ್ಲ. ಅಟ್ಟಿಕೊಂಡು ಬರುವ ವಿಚಾರ ಹಾಗಿರಲಿ, ತನಗಿಂತ ನೂರಾರು ಪಟ್ಟು ಭಾರದ ಪ್ರಾಣಿಯನ್ನು ಬೆನ್ನಟ್ಟಿ ಅದಕ್ಕೆ ದೊರೆಯುವುದಾದರೂ ಏನು? ನುಂಗಲಾರದುದನ್ನು ಬೇಟೆಯಾಡುವ ಚಾಳಿ ಮನುಷ್ಯನಿಗೆ ಬಿಟ್ಟರೆ ಬೇರೆ ಪ್ರಾಣಿಗಳಿಗೆ ಕಡಮೆ.

ನೀರಿನಲ್ಲಿ ಕಂಡ ಹಾವಿನ ಉದ್ದದ ವಿಚಾರವಾಗಿಯೂ ಒಂದು ಮಾತು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಮುಳುಗಿದ ಮೈ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೇರವಾಗಿ ಮೇಲಿನಿಂದ ನೋಡಿದರೆ ಆಳವು ಮುಕ್ಕಾಲು ಪಾಲಾಗುತ್ತದೆ. ತೆರೆಗಳಲ್ಲಿ ಪ್ರತಿಬಿಂಬ ತುಂಡುತುಂಡಾಗಿ ಚೆಲ್ಲಿ, ಬಾಲ ಎಲ್ಲಿ ಮುಗಿಯಿತೆಂಬುದು ತಿಳಿಯದಾಗುತ್ತದೆ. ಆದರೆ ಒಂದು ಮೀಟರಿನ ಹಾವು ಸಂಜೆ ಮನೆ ಮುಟ್ಟುವಷ್ಟರಲ್ಲಿ ಮೂರು ಮೀಟರು ಆಗುವುದಕ್ಕೆ ದೃಗ್ವಿಜ್ಞಾನದಲ್ಲಿ ಯಾವ ಸೂತ್ರವೂ ಇಲ್ಲ.

ಈಗ ದೋಣಿಯಲ್ಲಿ ಎದ್ದು ನಿಂತವರನ್ನು ನೋಡೋಣ. ಅಡಿಕೆಯ ಹಾಳೆಯಿಂದ ದೋಣಿ ಮಾಡಿ ತೋಡಿನಲ್ಲಿ ಬಿಟ್ಟ ಹುಡುಗರಿಗೆ ಈ ಪಾಠ ಆಗಲೇ ಗೊತ್ತು. ಹಾಳೆಯ ನಡುವೆ ಒಂದು ಕಲ್ಲಿಟ್ಟರೆ ಅದು ನೆಟ್ಟಗೆ ಸಾಗುತ್ತದೆ. ಅಷ್ಟೇ ತೂಕದ ಕೋಲನ್ನು ಸೆಟೆದು ನಿಲ್ಲಿಸಿದರೆ ಮಗುಚಿಕೊಳ್ಳುತ್ತದೆ. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದಲ್ಲಿ ಹೆಚ್ಚು ನೀರು ಸರಿಯುತ್ತದೆ. ಅದರಿಂದ ನೀರಿನ ಮೇಲ್ನೂಕು ಆ ಕಡೆಗೆ ಜರುಗಿ ದೋಣಿಯನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸುತ್ತದೆ. ಈ ಮೇಲ್ನೂಕಿನ ಗೆರೆಯು ದೋಣಿಯ ನಡುಗೆರೆಯನ್ನು ಸಂಧಿಸುವ ಬಿಂದುವಿಗೆ ಫ್ರಾನ್ಸಿನ ಬುಗೇರ್ ಎಂಬ ವಿಜ್ಞಾನಿಯು 1746ರಲ್ಲಿ ಮೆಟಾಸೆಂಟರ್ ಎಂಬ ಹೆಸರಿಟ್ಟನು. ದೋಣಿ ಮತ್ತು ಅದರಲ್ಲಿರುವವರ ಒಟ್ಟು ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿರುವ ತನಕ ಚಿಂತೆಯಿಲ್ಲ. ಮೇಲೆ ಹೋಯಿತೋ, ನೆಟ್ಟಗೆ ನಿಲ್ಲಿಸಬೇಕಾದ ನೀರೇ ದೋಣಿಯನ್ನು ಮಗುಚುತ್ತದೆ.

ಅಂಕೆಗಳಲ್ಲಿ ಇದನ್ನು ನೋಡಿ. ನಾಲ್ಕು ಮೀಟರು ಉದ್ದ, 80 ಸೆಂಟಿಮೀಟರು ಅಗಲದ ಕಿರಿದಾದ ದೋಣಿ. ಅದರ ತೂಕ 80 ಕಿಲೋಗ್ರಾಂ, ಗುರುತ್ವಕೇಂದ್ರ ತಳದಿಂದ 20 ಸೆಂಟಿಮೀಟರು ಮೇಲೆ. ಅದರಲ್ಲಿ ತಲಾ 60 ಕಿಲೋಗ್ರಾಂ ತೂಗುವ ಮೂವರು. ಅವರು ತಳದಲ್ಲಿಯೇ ಕುಳಿತಿದ್ದರೆ ಅವರ ಗುರುತ್ವಕೇಂದ್ರ ತಳದಿಂದ ಸುಮಾರು 30 ಸೆಂಟಿಮೀಟರು. ಎಲ್ಲವೂ ಸೇರಿದ ಒಟ್ಟು ಕೇಂದ್ರ ಸುಮಾರು 27 ಸೆಂಟಿಮೀಟರು. ಮೂವರೂ ಎದ್ದು ನಿಂತರೆ ಅವರ ಕೇಂದ್ರ 95 ಸೆಂಟಿಮೀಟರಿಗೆ ಏರುತ್ತದೆ. ಒಟ್ಟು ಕೇಂದ್ರ 72. ಇಷ್ಟು ಹೊರೆ ಹೊತ್ತ ಇಂತಹ ದೋಣಿಗೆ ಮೆಟಾಸೆಂಟರು ತಳದಿಂದ ಅರ್ಧ ಮೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ. 27 ಅದರ ಕೆಳಗೆ, 72 ಅದರ ಮೇಲೆ. ಮೂವರೂ ಹಾವನ್ನು ನೋಡಲೆಂದು ಒಂದೇ ಪಕ್ಕಕ್ಕೆ ಬಾಗಿದರೆ ಮತ್ತೆ ಲೆಕ್ಕ ಮಾಡುವ ಅಗತ್ಯವೂ ಉಳಿಯದು. ಕಾಲೇಜಿನ ಹುಡುಗರಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆಂದು ನಾವು ತರಗತಿಯಲ್ಲಿ ಕೈಯೆತ್ತಿಸಿ ನೋಡಿದ್ದೇವೆ. ಮೇಲೆದ್ದ ಕೈಗಳು ನೆಮ್ಮದಿ ಕೊಡುವಷ್ಟಿರಲಿಲ್ಲ. ಬಂಟ್ವಾಳದ ಮಡುಗಳು ಎಷ್ಟು ಆಳವೆಂಬುದು ಅಲ್ಲಿಯವರಿಗೆ ಗೊತ್ತಿದೆ.

ತುಂಬೆಯ ಹಿನ್ನೀರಿನಲ್ಲಿ ಒಮ್ಮೆ ನಾವು ಕೆಲವು ವಿದ್ಯಾರ್ಥಿಗಳೊಡನೆ ಹೋಗುತ್ತಿದ್ದಾಗ ಇಂತಹದೇ ಸಂದರ್ಭ ಒದಗಿತು. ದೋಣಿ ನಡೆಸುತ್ತಿದ್ದ ಹಿರಿಯರು ಹಾವನ್ನು ನಮಗಿಂತ ಮೊದಲೇ ಕಂಡಿದ್ದರು. "ಸರ್, ಯಾರೂ ಏಳುವುದು ಬೇಡ. ಅದು ಒಳ್ಳೆ. ಅದಕ್ಕೆ ದೋಣಿಯೂ ಒಂದೇ, ದರೆಯೂ ಒಂದೇ. ನೀವು ಕೂತಲ್ಲೇ ಕೂತರೆ ಅದರ ಪಾಡಿಗೆ ಹೋಗ್ತದೆ" ಎಂದರು. ಒಬ್ಬ ಹುಡುಗನು, "ಅಣ್ಣ, ಒಳಗೆ ಹತ್ತಿದರೆ?" ಎಂದು ಕೇಳಿದನು. "ಹತ್ತಿದರೆ ಹುಟ್ಟಿನ ಮೇಲೆ ಎತ್ತಿ ಬಿಡುವ, ಅದರಲ್ಲೇನುಂಟು?" ಎನ್ನುತ್ತ ಅವರು ಹುಟ್ಟಿನ ಚಪ್ಪಟೆಯಿಂದ ನೀರಿನ ಮೇಲೆ ಎರಡು ಸಲ ಬಡಿದರು. ತಲೆ ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ದಂಡೆಯ ಬಳಿ, ಕೇದಗೆಯ ಪೊದೆಯ ನೆರಳಿನಲ್ಲಿ, ಬಾಣದ ಮೊನೆ ಮತ್ತೆ ಕಾಣಿಸಿತು. ಹೊರಗಿವಿಯಿಲ್ಲದಿದ್ದರೂ ಹಾವಿಗೆ ನೀರಿನ ಅದುರು ಚೆನ್ನಾಗಿಯೇ ತಿಳಿಯುತ್ತದೆ. ಮೆಟಾಸೆಂಟರಿನ ಹೆಸರನ್ನು ಕೇಳದ ಆ ಹಿರಿಯರು ಅದರ ಶಾಸ್ತ್ರವನ್ನು ನಮಗಿಂತ ಹೆಚ್ಚು ಪಾಲಿಸುತ್ತಿದ್ದರು: ಇಡೀ ಪ್ರಸಂಗದಲ್ಲಿ ಅವರು ಕುಳಿತಲ್ಲಿಂದ ಮೇಲೇಳಲಿಲ್ಲ.

ಮೀನು ಹಿಡಿಯುವವರ ಕಷ್ಟ ಬೇರೆ ಬಗೆಯದು. ಮೀನಿಗಾಗಿ ಹಾಕಿದ ಗಾಳವನ್ನು ಕೆಲವೊಮ್ಮೆ ಹಾವು ನುಂಗುತ್ತದೆ. ಕೆಲವೊಮ್ಮೆ ಹಾವೆಂದು ಬೆದರಿ ದಾರ ಬಿಟ್ಟುದು ಹಾವುಮೀನಾಗಿರುತ್ತದೆ. ನೇತ್ರಾವತಿಯಲ್ಲಿರುವ ಹಾವುಮೀನಿಗೆ ತಲೆಯ ಹಿಂದೆ ಎರಡು ಸಣ್ಣ ಈಜುರೆಕ್ಕೆಗಳಿವೆ, ಮೈ ಲೋಳೆಯಾಗಿರುತ್ತದೆ. ಹಾವಿನ ಮೈ ಒಣ ಹುರುಪೆಗಳಿಂದ ಕೂಡಿದೆ. ಗಾಳಕ್ಕೆ ಸಿಕ್ಕಿದುದು ಹಾವೇ ಆಗಿದ್ದರೆ ಕೊಕ್ಕೆಯ ಆಸೆ ಬಿಟ್ಟು ದಾರವನ್ನು ಸಾಧ್ಯವಾದಷ್ಟು ಹತ್ತಿರ, ಆದರೆ ಕೈಗೆ ಎಟುಕದಂತೆ, ಕತ್ತರಿಸುವುದು ಲೇಸು. ರಾತ್ರಿಯಿಡೀ ನೀರಿನಲ್ಲಿ ಬಿಟ್ಟ ನೈಲಾನ್ ಬಲೆಗಳ ಕಥೆ ಇನ್ನೂ ದುಃಖದ್ದು. ಹಾವು ನೀರಿನಲ್ಲಿದ್ದರೂ ಉಸಿರಾಡುವುದು ಗಾಳಿಯನ್ನೇ. ಬಲೆಯಲ್ಲಿ ಸಿಕ್ಕಿದ ಮೀನಿನ ಆಸೆಗೆ ಬಂದು ತಾನೂ ಸಿಕ್ಕಿಕೊಂಡು, ಮೇಲೆ ಬರಲಾರದೆ ಉಸಿರುಗಟ್ಟಿ ಸಾಯುತ್ತದೆ. ಜೀವಂತ ಸಿಕ್ಕಿದುದನ್ನು ಗುರುತು ತಿಳಿಯದೆ ಬಿಡಿಸಹೋಗಬಾರದು. ಹಾವು ಹಿಡಿಯುವ ತರಬೇತಿಯುಳ್ಳವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಬೇಕು. ಬಿದಿರಿನ ಕೂಳಿಯಲ್ಲಿ ಮೀನು ಹಿಡಿಯುವವರು ಕೈಹಾಕುವ ಮುಂಚೆ ಅದನ್ನು ನೀರಿನಿಂದೆತ್ತಿ ಒಳಗೆ ಇಣುಕಿ ನೋಡುವ ಪದ್ಧತಿಯಿದೆ. ಒಳ್ಳೆಯ ಪದ್ಧತಿ.

ಆದರೆ ನೀರಿಗಿಂತ ಹೆಚ್ಚು ಎಚ್ಚರವಿರಬೇಕಾದುದು ದಂಡೆಯಲ್ಲಿ. ಜೂನಿನ ಮೊದಲ ಮಳೆಗೆ ಹೊಳೆಯ ಮೀನುಗಳು ತೋಡು, ಗದ್ದೆಗಳಿಗೆ ಹತ್ತಿ ಬರುವಾಗ ಊರಿನ ಗಂಡಸರೂ ಹುಡುಗರೂ ಟಾರ್ಚು, ಬಲೆ, ಕತ್ತಿ ಹಿಡಿದು ರಾತ್ರಿಯಲ್ಲಿ ಹೊರಡುತ್ತಾರೆ. ಆ ರಾತ್ರಿಗಳಲ್ಲಿ ಕಪ್ಪೆಗಳ ಕೂಗಿನಿಂದ ಗದ್ದೆಯೆಲ್ಲ ಮೊಳಗುತ್ತದೆ. ಕಪ್ಪೆಯಿದ್ದಲ್ಲಿಗೆ ಹಾವು ಬರುತ್ತದೆ. ಗದ್ದೆಯ ಅಂಚಿನ ಹುಲ್ಲಿನಲ್ಲಿ ಇಲಿಗಾಗಿ ಕಾದು ಮಲಗಿದ ಕೊಳಕುಮಂಡಲವು ಸರಿದುಹೋಗುವ ಜಾತಿಯದಲ್ಲ. ಅದರ ಬಣ್ಣ ಒಣಗಿದ ಎಲೆಗಳೊಡನೆ ಬೆರೆತುಹೋಗುತ್ತದೆ. ಬರಿಗಾಲು ಅದರ ಮೇಲೆ ಬಿದ್ದರೆ ನೀರೊಳ್ಳೆಯ ಕಡಿತದಂತೆ ಗಾಯ ತೊಳೆದು ಮರೆಯುವ ಸಂಗತಿಯಲ್ಲ. ಕಣ್ಣೆಲ್ಲ ನೀರಿನ ಮೀನಿನ ಮೇಲೆ, ಕಾಲು ಕತ್ತಲಲ್ಲಿ. ಮೊಣಕಾಲವರೆಗಿನ ರಬ್ಬರ್ ಬೂಟು, ಕಾಲ ಮುಂದೆ ಬೀಳುವ ಟಾರ್ಚಿನ ಬೆಳಕು ಇವೆರಡರ ಬೆಲೆ ಒಂದು ಹೊತ್ತಿನ ಮೀನಿನ ಬೆಲೆಗಿಂತ ಬಹಳ ಹೆಚ್ಚೇನಲ್ಲ. 2020ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನರು ಸತ್ತರೆಂದು ಅಂದಾಜು ಮಾಡಿದೆ. ಅವರಲ್ಲಿ ಅರ್ಧದಷ್ಟು ಮಂದಿ ಜೂನಿನಿಂದ ಸೆಪ್ಟೆಂಬರಿನ ಒಳಗೆ ಸತ್ತವರು. 2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿದುದು ಇಂತಹ ಅಂಕೆಗಳ ಹಿನ್ನೆಲೆಯಲ್ಲಿ.

ಹಾವು, ನೀರು, ಔಷಧ ಈ ಮೂರಕ್ಕೂ ಹಳೆಯ ನಂಟಿದೆ. 1891ರಲ್ಲಿ ಈಗಿನ ವಿಯೆಟ್ನಾಮಿನ ಒಂದು ಹಳ್ಳಿಗೆ ನೆರೆಯ ಕಾಲದಲ್ಲಿ ನಾಗರಹಾವುಗಳು ನುಗ್ಗಿ ಹಲವರನ್ನು ಕಚ್ಚಿದವು. ಆಗ ಸೈಗಾನಿನಲ್ಲಿದ್ದ ಆಲ್ಬರ್ಟ್ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನು ಆ ಘಟನೆಯಿಂದ ಪ್ರೇರಿತನಾಗಿ ವಿಷದ ಅಧ್ಯಯನಕ್ಕೆ ತೊಡಗಿ, ಕೆಲವೇ ವರ್ಷಗಳಲ್ಲಿ ಪ್ರತಿವಿಷವನ್ನು ಸಿದ್ಧಪಡಿಸಿದನು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಗಳಿಗೂ ಒಟ್ಟಾಗಿ ತಯಾರಾದುದು. ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅವುಗಳ ರಕ್ತದಲ್ಲಿ ಮೂಡಿದ ರಕ್ಷಕ ವಸ್ತುಗಳನ್ನು ಬೇರ್ಪಡಿಸಿ ಅದನ್ನು ಮಾಡುತ್ತಾರೆ. ಅದಕ್ಕೆ ಬೇಕಾದ ವಿಷವನ್ನು 1978ರಲ್ಲಿ ಸ್ಥಾಪಿತವಾದ, ಚೆನ್ನೈ ಸಮೀಪದ ಇರುಳರ ಸಹಕಾರ ಸಂಘವು ಬಹುಕಾಲದಿಂದ ಒದಗಿಸುತ್ತ ಬಂದಿದೆ. ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿರುವ, ಮೂತಿ ಮೇಲಕ್ಕೆದ್ದ ಸಣ್ಣ ಮಂಡಲದ ಹಾವಿಗೆ ಈ ಔಷಧವು ನಾಟುವುದಿಲ್ಲ. ಅದು ಕಚ್ಚಿದರೂ ಆಸ್ಪತ್ರೆಯ ಶುಶ್ರೂಷೆ ಬೇಕೇ ಬೇಕು.

ಕಡಿತವಾದಾಗ ಗಾಯವನ್ನು ಕೊಯ್ಯಬಾರದು, ಬಾಯಿಟ್ಟು ಹೀರಬಾರದು, ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಅಂಗವನ್ನು ಮುರಿದ ಮೂಳೆಯಂತೆ ಅಲುಗಾಡದ ಹಾಗೆ ಇರಿಸಿ, ಉಂಗುರ, ಬಳೆಗಳನ್ನು ತೆಗೆದು, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ನಾಟಿ ಔಷಧಕ್ಕೆಂದು ಕಳೆದ ಒಂದು ಗಂಟೆಯು ಆಮೇಲೆ ಯಾವ ವೈದ್ಯನಿಂದಲೂ ಹಿಂದಿರುಗದು. ಕಚ್ಚಿದುದು ನೀರೊಳ್ಳೆಯೋ ಮಂಡಲವೋ ಎಂದು ಸಂದೇಹವಿದ್ದರೂ ಇದೇ ಕ್ರಮ. ಹಾವನ್ನು ಹುಡುಕಿ ಕೊಂದು, ಚೀಲದಲ್ಲಿ ಹಾಕಿ ತರುವ ಸಾಹಸವೂ ಅನಾವಶ್ಯಕ. ಡಾಕ್ಟರು ರೋಗಿಯ ರಕ್ತವನ್ನು ಸ್ವಲ್ಪ ತೆಗೆದು, ಒಣಗಿದ ಶುದ್ಧವಾದ ಗಾಜಿನ ನಳಿಕೆಯಲ್ಲಿ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ನಳಿಕೆಯನ್ನು ವಾಲಿಸುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಮೈಗೇರಿದೆಯೆಂದು ತಿಳಿಯುತ್ತಾರೆ. ಆ ಪರೀಕ್ಷೆಗೆ ಬೇಕಾದುದು ಒಂದು ನಳಿಕೆ, ಒಂದು ಗಡಿಯಾರ, ಮತ್ತು ಸಮಯಕ್ಕೆ ಸರಿಯಾಗಿ ಅಲ್ಲಿಗೆ ತಲುಪಿದ ರೋಗಿ.